ಹೆಂಡತಿಯನ್ನು ದೆವ್ವದ ವಾಡೆಯಲ್ಲಿ ಬಿಟ್ಟು ಬಂದದ್ದು

ಮಾನ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನನಗೇನೋ ನಂಬಿಕೆ ಇಲ್ಲ. ನನ್ನದು ಈ ವರ್ಷ ನಾಲ್ಕೈದು ಸಲ ಹೋಗಿದೆ. ನಡುನಡುವೆ ತಿರುಗಿ ಬರದಿದ್ದರೆ ಮತ್ತೆ ಮತ್ತೆ ಹೋಗುವುದಾದರೂ ಹೇಗೆ?

ನಾನು ಇಚಲಕರಂಜಿಯಲ್ಲಿ ಪವರ್‌ಲೂಮ್ ಜಾಬರ್. ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಕೊರೋಚಿ ಕಡೆಯ ಒಂದು ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಗ್ಗ ನನ್ನ ಕೈಯಲ್ಲಿವೆ. ಕಣ್ಣು ಮುಚ್ಚಿ ಸಪ್ಪಳ ಕೇಳಿದರೆ ಸಾಕು, ಯಾವ ಮಗ್ಗ ಎಲ್ಲಿ ತಪ್ಪುತ್ತಿದೆ ಎಂದು ಹೇಳಬಲ್ಲೆ. ಶೆಡ್ಡಿನಲ್ಲಿ ನನಗೆ ಒಳ್ಳೆಯ ಮರ್ಯಾದೆ ಇದೆ. ಮಾನ ಹೋಗುವುದೆಲ್ಲ ಮನೆಯಲ್ಲಿ, ಅದೂ ಒಂದು ರಟ್ಟಿನ ಡಬ್ಬಿಯ ದೆಸೆಯಿಂದ.

ಬಾಗಿಲು ತೆರೆದಿತ್ತು

ಆ ಡಬ್ಬಿ ತಂದವಳು ನನ್ನ ಮಗಳು. ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಾಳೆ. ಡಬ್ಬಿಯ ಒಳಗೆ ಹಳೆಯ ವಾಡೆಯ, ಅಂದರೆ ದೊಡ್ಡ ಮನೆತನದ ಮನೆಯ, ಚಿತ್ರವಿರುವ ಹಲಗೆ, ನಾಲ್ಕು ಪ್ಲಾಸ್ಟಿಕ್ ಗೊಂಬೆ, ಒಂದಿಷ್ಟು ಚೀಟಿ, ಒಂದು ಕರಿ ದಾಳ. ದಾಳದ ಐದು ಮಗ್ಗಲಿಗೆ ಚುಕ್ಕಿ, ಆರನೆಯದಕ್ಕೆ ದೆವ್ವದ ಮುಖ.

ಕತ್ತಲಾದ ಮೇಲೆ ಆಡಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಆದರೆ ಜೊತೆಗೆ ಆಡಲು ಬಂದವರು ಮೇಲಿನ ಮನೆಯಲ್ಲಿರುವ ನಮ್ಮ ಶೆಡ್ಡಿನ ಮಾಲಕರು, ಗಂಡ ಹೆಂಡತಿ. ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ನಾವೆಲ್ಲ ಅವರನ್ನು ಕಾಕಾ, ಕಾಕು ಎನ್ನುತ್ತೇವೆ. ಅವರ ಅನುಕೂಲ ನೋಡಿ ನಮ್ಮ ಮನೆಯ ದೆವ್ವ ಮಗ್ಗಕ್ಕೆ ರಜೆ ಇರುವ ವಾರದ ಸುಟ್ಟಿಯ ದಿನ ಮಧ್ಯಾಹ್ನ ಮೂರು ಗಂಟೆಗೆ ಬರುವುದೆಂದು ಠರಾವಾಯಿತು. ಕಿಟಕಿಗೆ ಕೌದಿ ಕಟ್ಟಿದೆವು.

ಮಗಳು ನಿಯಮ ಓದಿ ಹೇಳುತ್ತಿದ್ದಳು. ನಾನು ಖಾರದ ಭಡಂಗ ಚುರಮುರಿ ತಿನ್ನುತ್ತಿದ್ದೆ. ಕಿವಿಗೆ ಬಿದ್ದದ್ದು ಇಷ್ಟೇ: ವಾಡೆಯಿಂದ ಹೊರಗೆ ಬರಬೇಕು.

ಅರ್ಧ ತಾಸಿಗೆ ನನ್ನ ಗೊಂಬೆ ಬಾಗಿಲ ಹತ್ತಿರ ಬಂತು. ಹೆಂಡತಿಯದು ಎರಡು ಕೋಣೆ ಹಿಂದೆ ಇತ್ತು, ಹಲಗೆಯಲ್ಲಿ ಬರೆದ ದೆವ್ವದ ಪಕ್ಕದಲ್ಲೇ. ಅವಳ ಕಡೆ ಹೋಗಲೂಬಹುದಿತ್ತು. ಬಾಗಿಲು ತೆರೆದಿತ್ತು, ಓಡಿದೆ. ಎರಡೂ ಕೈ ಮೇಲೆತ್ತಿ "ಗೆದ್ದೆ!" ಎಂದು ಕೂಗಿದೆ.

ಮಗಳು ಮೆಲ್ಲಗೆ ಹೇಳಿದಳು: "ಅಪ್ಪಾ, ಇದರಾಗ ಎಲ್ಲಾರೂ ಒಂದ ಕಡೆ, ದೆವ್ವ ಒಂದ ಕಡೆ. ಒಬ್ಬರ ಒಳಗ ಉಳದ್ರೂ ಎಲ್ಲಾರೂ ಸೋತಂಗ. ದೆವ್ವಿನ ಬಾಜೂಕ ಇದ್ದ ಅವ್ವನ್ನ ಬಿಟ್ಟ ಓಡಿದಿ, ಆಕಿನ್ನ ಅದು ನುಂಗತೈತಿ. ಈಗ ನಿನ್ನಿಂದ ಎಲ್ಲಾರೂ ಸೋತ್ವಿ."

ಹೆಂಡತಿ ತನ್ನ ಗೊಂಬೆಯನ್ನೇ ನೋಡುತ್ತಿದ್ದಳು. "ನನ್ನ ದೆವ್ವಿನ ಕೈಯಾಗ ಕೊಟ್ಟ ಹೋದ್ರಿ."

"ಅಲ್ಲ, ಅದು ಪ್ಲಾಸ್ಟಿಕ್ ಗೊಂಬಿ..."

"ಗೊಂಬಿ ಅಂತ ನಿಮಗ ಗೊತ್ತಿತ್ತಲ್ರಿ? ಮತ್ತ ಅಷ್ಟ ಯಾಕ ಅಂಜಿ ಓಡಿದ್ರಿ?"

ಮರುದಿನದಿಂದ "ಚಾ ಆಗೈತ್ರಿ" ಎಂದು ಕರೆಯುವುದು ನಿಂತಿತು. ಚಾದ ಕಪ್ ಹೊಸ್ತಿಲ ಮೇಲೆ ಬಂದು ಕೂರುತ್ತಿತ್ತು, ದೆವ್ವಕ್ಕೆ ಎಡೆ ಇಟ್ಟ ಹಾಗೆ. ಒಂದು ಸಲವಾದರೂ ಅವಳ ಗೊಂಬೆಯನ್ನು ಆ ವಾಡೆಯಿಂದ ಜೀವಂತ ಹೊರಗೆ ತರುವವರೆಗೆ ನನಗೆ ಮನೆಯಲ್ಲಿ ಮುಖವಿಲ್ಲ ಎಂದು ಅವತ್ತೇ ತಿಳಿದುಕೊಂಡೆ.

ಕಾಕು ಹೇಳಿದ ಒಡಪು

ಎರಡನೆಯ ವಾರ ಮಗಳು ಡಬ್ಬಿಯ ಪುಸ್ತಕದಲ್ಲಿದ್ದ ಇನ್ನೊಂದು ನಿಯಮ ಸೇರಿಸಿದಳು. ದಾಳದಲ್ಲಿ ದೆವ್ವದ ಮುಖ ಬಿದ್ದರೆ ಆಡುವವನನ್ನು ದೆವ್ವ ಹಿಡಿಯುತ್ತದೆ. ಪುಟ್ಟ ಗಾಜಿನ ಬುರುಡೆಯಲ್ಲಿ ಮರಳು ಸುರಿಯುತ್ತಿರುತ್ತದೆ. ಅದು ಮುಗಿಯುವುದರೊಳಗೆ ಅವನ ಜೋಡಿಯವರು ಹೆಸರು ಹಿಡಿದು ಕರೆದರೆ ಬದುಕಿದ, ಇಲ್ಲದಿದ್ದರೆ ಹೋದ. ಇಲ್ಲವೇ ಯಾರ ಹತ್ತಿರವಾದರೂ ದೀಪದ ಚೀಟಿ ಇದ್ದರೆ ಅದನ್ನು ಕೊಟ್ಟೂ ಉಳಿಸಬಹುದು.

ದೆವ್ವ ಮೊದಲು ಹಿಡಿದದ್ದು ಕಾಕಾ ಅವರನ್ನು. ಮರಳು ಸುರಿಯತೊಡಗಿತು. "ಕಾಕು, ಹೆಸರ ಹೇಳ್ರಿ!" ಎಂದು ಮಗಳು ಕೂಗಿದಳು.

ಕಾಕು ಲಗ್ನವಾಗಿ ಬಂದಾಗಿನಿಂದ ಗಂಡನ ಹೆಸರು ಹಾಗೆ ಸುಮ್ಮನೆ ಹೇಳಿದವರಲ್ಲ. ಸೀಮಂತದಲ್ಲೋ ಅರಿಷಿಣ ಕುಂಕುಮದಲ್ಲೋ ಹೇಳಬೇಕಾಗಿ ಬಂದರೆ ಒಡಪು ಕಟ್ಟಿ, ಪ್ರಾಸ ಕೂಡಿಸಿ, ಕೊನೆಗೆ ಹೇಳಬೇಕು. ಅವರಿಗೆ ಬರುತ್ತಿದ್ದದ್ದು ಅದೊಂದೇ ದಾರಿ. ಸೆರಗು ಸರಿಮಾಡಿಕೊಂಡು ಶುರು ಮಾಡಿದರು:

"ಬಸದಿ ಗಂಟಿ ಬಾರಿಸಿ ಬಂದೆ ಬೆಳಗಿನ ಜಾವ,
ಹೆಸರ ಹೇಳತೇನಿ ಕೇಳ್ರಿ, ಅವರ ನನ್ನ ಜೀವ..."

ಆ ಜೀವ ಅಷ್ಟರಲ್ಲಿ ಹೋಗಿಯಾಗಿತ್ತು. ಮರಳು ಮುಗಿದ ಮೇಲೆ ಕಾಕು ನಾಚುತ್ತ ನಾಚುತ್ತ ಹೆಸರು ಹೇಳಿದರು.

"ಜೀವ ಹೋಗೂ ಹೊತ್ತಿನ್ಯಾಗ ಎಂಥಾ ಒಡಪ್ರಿ ಕಾಕು!" ಎಂದು ನನ್ನ ಹೆಂಡತಿ ಸಿಟ್ಟಿಗೆದ್ದಳು. "ನಾನಾಗಿದ್ರ ತಟ್ನ ಹೆಸರ ಹಿಡದ ಒದರತಿದ್ದೆ."

ನಾನೂ ಲೊಚಗುಟ್ಟಿ, ಪಾಪ ಕಾಕಾ ಎನ್ನುತ್ತ ನೀರು ಕುಡಿಯಲು ಎದ್ದೆ. ಆಗ ನನ್ನ ತೊಡೆಗೆ ಬೆವರಿನಿಂದ ಅಂಟಿಕೊಂಡಿದ್ದ ಚೀಟಿ ಎಲ್ಲರಿಗೂ ಕಂಡಿತು. ದೀಪದ ಚೀಟಿ. ಹೆಂಡತಿಗೆ ಬೇಕಾದೀತು ಎಂದು ಮೊದಲೇ ತೊಡೆ ಕೆಳಗೆ ಮುಚ್ಚಿಟ್ಟುಕೊಂಡಿದ್ದೆ. ಕಾಕಾ ಸಾಯುವಾಗ ದೀಪದ ಮೇಲೆಯೇ ಕೂತಿದ್ದೆ.

ನನಗೆ ನೆಲ ಬಿರಿಯಬಾರದೇ ಎನಿಸಿತು. ಕಾಕಾ ಮಾತ್ರ ಕಾಕು ಅವರ ಮುಖ ನೋಡುತ್ತ ನಗುತ್ತಿದ್ದರು. "ಇರಲಿ ಬಿಡೋ ಜಾಬರ್. ನೀ ದೀಪ ಕೊಟ್ಟಿದ್ರ ಇಕಿ ಬಾಯಾಗ ನನ್ನ ಹೆಸರ ಹ್ಯಾಂಗ ಕೇಳತಿದ್ದೆ? ಸತ್ತದ್ದ ಚಲೋ ಆತು."

ರಿಪೇರಿ

ಚೀಟಿಯ ದಾರಿ ಮುಚ್ಚಿತು. ಉಳಿದದ್ದು ದಾಳ. ಇಪ್ಪತ್ತನಾಲ್ಕು ಮಗ್ಗ ಹದಕ್ಕೆ ತಂದವನಿಗೆ ಒಂದು ದಾಳ ಯಾವ ಲೆಕ್ಕ ಎಂದುಕೊಂಡೆ. ಅದನ್ನು ಕಿಸೆಯಲ್ಲಿ ಹಾಕಿಕೊಂಡು ಶೆಡ್ಡಿಗೆ ಹೋದೆ. ದೆವ್ವದ ಮುಖ ಬೀಳಬಾರದು, ಅಷ್ಟೇ ತಾನೆ? ಕಬ್ಬಿಣ ತಿಕ್ಕುವ ಅರ ತೆಗೆದುಕೊಂಡು ಆ ಮುಖದ ನಾಲ್ಕೂ ಅಂಚು ಸಣ್ಣಗೆ ತಿಕ್ಕಿದೆ. ಯಾರಿಗೂ ಗೊತ್ತಾಗದಂಥ ಕೆಲಸ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿದೆ.

ಸುಟ್ಟಿಯ ದಿನ ಮೊದಲ ದಾಳ ನಾನೇ ಹಾಕಿದೆ. ದೆವ್ವ. ಹೆಂಡತಿ ಆಡಿದ ಮಾತಿಗೆ ತಪ್ಪದೆ ನನ್ನ ಹೆಸರು ಹಿಡಿದು ಒದರಿದಳು, ಬದುಕಿದೆ. ಮುಂದಿನ ಸರದಿ. ದೆವ್ವ. ಮತ್ತೆ ಒದರಿದಳು. ಮೂರನೆಯ ಸರದಿಗೂ ದೆವ್ವ. ಈ ಸಲ ಎಷ್ಟು ಜೋರಾಗಿ ಒದರಿದಳೆಂದರೆ ಓಣಿಯ ಮಂದಿ ಬಾಗಿಲಿಗೆ ಬಂದು "ಯಾಕ್ರಿ, ಜಾಬರಗ ಏನಾತು?" ಎಂದು ಇಣುಕಿದರು.

ಕಾಕಾ ದಾಳ ಕೈಗೆತ್ತಿಕೊಂಡು ಬೆರಳಾಡಿಸಿದರು. "ಇದರ ಅಂಚ ಯಾರ ತಿಕ್ಕ್ಯಾರ?"

"ಇಲಿ ಇರಬೇಕ್ರಿ," ಎಂದೆ.

"ಭಾಳ ಶಾಣ್ಯಾ ಇಲಿ ಐತಿ," ಎಂದಳು ಹೆಂಡತಿ. "ನಾಲ್ಕೂ ಅಂಚ ಸಮ ಮಾಡಿ ತಿಕ್ಕೇತಿ. ಅರ ಮನೀಗಿ ತಂದಿತ್ತೋ, ಶೆಡ್ಡಿಗೇ ಹೋಗಿತ್ತೋ?"

ಕಾಕಾ ನಿಟ್ಟುಸಿರು ಬಿಟ್ಟರು. "ಏ ಜಾಬರ್, ದೆವ್ವಿನ ಕಡೆ ತಿಕ್ಕಿದ್ರ ದೆವ್ವ ಹಗರ ಆಗತೈತಿ. ಹಗರ ಆದದ್ದು ಮ್ಯಾಲ ಬರತೈತಿ. ಇಷ್ಟೂ ತಿಳೀಲಿಲ್ಲ? ನಮ್ಮ ಮಗ್ಗ ಹ್ಯಾಂಗ ನಡಸ್ತಿ ನೀ?"

ಬೇರೆ ದಾಳ ಎಲ್ಲಿಯೂ ಸಿಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ದಾಳ, ಜಾಬರ್ ರಿಪೇರಿ ಮಾಡಿದ್ದು.

ಕೊಲ್ಹಾಪುರದಲ್ಲಿ

ಕೊಲ್ಹಾಪುರದಲ್ಲಿ ಚಾ ಕುಡಿಯುತ್ತ ಇಂಥ ಆಟ ಆಡುವ ಒಂದು ಅಂಗಡಿ ಇದೆಯೆಂದು ಮಗಳು ನಮ್ಮಿಬ್ಬರನ್ನೂ ಕರೆದೊಯ್ದಳು. ಅಲ್ಲಿಯೂ ಅದೇ ಆಟ, ಆದರೆ ತಿಕ್ಕದ ದಾಳ. ಮಗಳ ಇಬ್ಬರು ಗೆಳತಿಯರು ಆಡಲು ಕೂತರು, ಮರಾಠಿ ಹುಡುಗಿಯರು. ಪರಸ್ಥಳದಲ್ಲಿ ನನ್ನ ಹಿಂದಿನದು ಯಾರಿಗೂ ಗೊತ್ತಿಲ್ಲ ಎಂದು ಹುರುಪುಗೊಂಡೆ.

ಈ ಸಲ ದೆವ್ವ ಹೆಂಡತಿಯನ್ನು ಹಿಡಿಯಿತು. ನಾನು ಕಾದದ್ದು ಇದಕ್ಕೇ. ಮರಳು ಸುರಿಯುತ್ತಿತ್ತು. "ಕಾಕಾ, ನಾವ್ ಘ್ಯಾ! ಲವ್ಕರ್!" ಎಂದು ಹುಡುಗಿಯರು ನನಗೆ ಅವಸರ ಮಾಡಿದರು. ಹೆಸರು ತಗೊಳ್ಳಿ, ಬೇಗ ಎಂದು. ನಾನು ಬಾಯಿ ತೆರೆದೆ.

ಈಗ ಹೇಳಲೇಬೇಕು. ಅವಳಿಗೆ ತವರಿನಲ್ಲಿ ಒಂದು ಹೆಸರಿತ್ತು. ಲಗ್ನದಲ್ಲಿ ನಮ್ಮ ಪದ್ಧತಿಯಂತೆ ಅಕ್ಕಿಯಲ್ಲಿ ಉಂಗುರದಿಂದ ಇನ್ನೊಂದು ಹೆಸರು ಬರೆದು ಇಟ್ಟೆವು. ಮೊದಲನೆಯದನ್ನು ನಾನು ಕರೆಯಬಾರದೆಂದು ಬಿಟ್ಟೆ, ಎರಡನೆಯದನ್ನು ಕರೆಯಲು ನಾಚಿ ಬಿಟ್ಟೆ. ಇಪ್ಪತ್ತೆರಡು ವರ್ಷ "ಏ", "ಇಲ್ಲಿ ಕೇಳ", "ಎಲ್ಲಿ ಹೋದಿ" ಎನ್ನುವುದರಲ್ಲೇ ಸಂಸಾರ ಸಾಗಿತ್ತು. ಈಗ ಎರಡೂ ಹೆಸರು ಒಮ್ಮೆಲೇ ಗಂಟಲಿಗೆ ಬಂದವು, ಒಂದೇ ಮಗ್ಗದಲ್ಲಿ ಎರಡು ಲಾಳಿ ಎದುರುಬದುರಾಗಿ ಸಿಕ್ಕಿಕೊಂಡಂತೆ.

"ಏ... ಇಕಿನ... ಇಕಿ ಅವ್ವ..." ಎಂದು ಮಗಳ ಕಡೆ ಕೈ ಮಾಡಿದೆ. ಮರಳು ಮುಗಿಯಿತು.

ಹುಡುಗಿಯರು ಹಲಗೆಯ ಕಡೆ ನೋಡಿದರು. ಮಗಳು ತಲೆ ತಗ್ಗಿಸಿ ನೆಲ ನೋಡಿದಳು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಹೆಂಡತಿಯೋ, ನನ್ನ ಹೆಸರನ್ನು ಮೂರು ಸಲ ಓಣಿ ಕೇಳುವಂತೆ ಒದರಿ ಉಳಿಸಿದವಳು.

ಬಸ್ಸು ಹಾತಕಣಂಗಲೆ ದಾಟಿದಾಗ ಅವಳು ಶಾಂತವಾಗಿ ಹೇಳಿದಳು: "ಹದಿನಾಲ್ಕ ನಂಬರಿನ ಮಗ್ಗ ನಿಂತೈತಿ, ಒಂಬತ್ತ ನಂಬರಿಂದು ನೂಲ ಹರಿಯಾಕತ್ತೈತಿ ಅಂತ ನಿದ್ದಿಗಣ್ಣಿನ್ಯಾಗೂ ಬಡಬಡಸ್ತೀರಿ. ನನಗೂ ಒಂದ ನಂಬರ ಹಾಕಿಬಿಡ್ರಿ."

ಗಡಹಿಂಗ್ಲಜದಲ್ಲಿ

ಗಡಹಿಂಗ್ಲಜ ನನ್ನ ಮಾವನ ಊರು, ಹೆಂಡತಿಯ ತವರು. ಅಲ್ಲಿಗೆ ಡಬ್ಬಿ ಒಯ್ಯಬೇಡ ಎಂದು ಮಗಳ ಕೈಕಾಲು ಹಿಡಿದೆ. ಅಜ್ಜನಿಗೆ ಫೋನಿನಲ್ಲಿ ಆಗಲೇ ಎಲ್ಲ ಹೇಳಿಯಾಗಿತ್ತು.

ದಾರಿಯುದ್ದಕ್ಕೂ ಹೆಂಡತಿಯ ಎರಡೂ ಹೆಸರನ್ನು ಬಾಯಿಪಾಠ ಮಾಡಿದೆ. ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಮುಂದಿನ ಸೀಟಿನಲ್ಲಿ ಅವಳ ತವರಿನ ಹೆಸರಿನವರೇ ಒಬ್ಬರು ಕೂತಿದ್ದರು. ತಿರುಗಿ "ಕಾಯ್ ಹೋ?" ಎಂದು ಕೇಳಿದರು. ಏನಿಲ್ಲ ಎಂದು ಕೈಮುಗಿದೆ. ಪಕ್ಕದಲ್ಲಿದ್ದ ಹೆಂಡತಿ ನನ್ನನ್ನು ಕಂಡೇ ಇಲ್ಲ ಎನ್ನುವ ಹಾಗೆ ಕೂತಳು.

ಊಟವಾದ ಮೇಲೆ ಪಡಸಾಲೆಯಲ್ಲಿ ಹಲಗೆ ಹಾಸಿದರು. ಒಂದು ಜೋಡಿ ನಾವು, ಇನ್ನೊಂದು ಮಾವ ಅತ್ತೆ. ಸುತ್ತ ಬಳಗವೆಲ್ಲ ನೋಡಲು ನಿಂತಿತು. ಮಾವನವರು ಕೇಳಿದರು: "ಅಳಿಯಾರ, ನಮ್ಮ ಮಗಳನ್ನ ದೆವ್ವಿಗಿ ಕೊಟ್ಟ ಬಂದಿದ್ರಂತ, ಖರೇ ಏನ್ರಿ?"

"ಒಮ್ಮಿ, ಒಮ್ಮಿ ಅಷ್ಟ್ರಿ," ಎಂದೆ.

ಆಟ ಬೇಗನೆ ಬಿಗಿಯಾಯಿತು. ಮಾವ ಅತ್ತೆ ಇದ್ದಬದ್ದ ದೀಪದ ಚೀಟಿಯನ್ನೆಲ್ಲ ಖರ್ಚು ಮಾಡಿ ಹೊರಗೆ ಹೋದರು. ಒಳಗೆ ಉಳಿದವರು ನಾವಿಬ್ಬರು. ಹೆಂಡತಿ ದಾಳ ಹಾಕಿದಳು. ದೆವ್ವ. ಮಗಳು ಮರಳು ತಿರುವಿಟ್ಟಳು.

ನಾನು ಎದ್ದು ನಿಂತು ಅವಳ ಹೆಸರು ಕೂಗಿದೆ. ತವರಿನದನ್ನೂ ಕೂಗಿದೆ, ಅಕ್ಕಿಯಲ್ಲಿ ಬರೆದದ್ದನ್ನೂ ಕೂಗಿದೆ, ಎರಡೆರಡು ಸಲ. ಮಾವನ ಮನೆಯಲ್ಲಿ, ಹಿರಿಯರ ಮುಂದೆ. ಅತ್ತೆ ಬಾಯಿಗೆ ಸೆರಗು ಹಿಡಿದರು. ಹೆಂಡತಿಯ ಮುಖ ಕೆಂಪಾಯಿತು. ದೆವ್ವ ಬಿಟ್ಟಿತು. ಮುಂದಿನ ದಾಳಕ್ಕೆ ಅವಳ ಗೊಂಬೆ ಬಾಗಿಲು ದಾಟಿ ಹೊರಗೆ ಬಂತು. ಮೂರು ತಿಂಗಳಿನಿಂದ ಎದೆಯ ಮೇಲಿದ್ದ ಭಾರ ಇಳಿಯಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಉಳಿದವನು ನಾನೊಬ್ಬ. ಬಾಗಿಲಿಗೆ ಎರಡೇ ಮನೆ. ದಾಳ ಹಾಕಿದೆ. ಆ ದಾಳವನ್ನು ತಿಕ್ಕಿದ ಕೈ ನನ್ನದೇ. ದೆವ್ವ ಬಿತ್ತು.

ಆದರೂ ನಾನು ನಿಶ್ಚಿಂತನಾಗಿದ್ದೆ. ಮೂರು ಸಲ ಒದರಿದವಳಿಗೆ ನಾಲ್ಕನೆಯದು ದೊಡ್ಡದೇ? ಮರಳು ಸುರಿಯತೊಡಗಿತು. ಹೆಂಡತಿ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

"ಹಿರಿಯರ ಮುಂದ ಹಾಂಗ ಹ್ಯಾಂಗ ಹೇಳಲಿ?" ಎಂದು ನಾಚಿ, ರಾಗ ಎಳೆದು ಶುರು ಮಾಡಿದಳು:

"ಹಿರಣ್ಯಕೇಶಿ ದಂಡಿ ಮ್ಯಾಲ ಹಸರ ಕಬ್ಬಿನ ಸಾಲ,
ಬಾಗಲಾ ತೆರದೈತಂತ ಕಿತ್ತಾರ ಮೊದಲ ಕಾಲ;
ತೊಡಿ ಕೆಳಗ ದೀಪ ಇಟ್ಟು ಕತ್ತಲಾಗ ಕುಂತಾರ,
ದೆವ್ವಿನ ಮಾರಿ ತಿಕ್ಕಿ ತಿಕ್ಕಿ ಮ್ಯಾಲ ತಂದಾರ;
ಇಪ್ಪತ್ತೆರಡ ವರ್ಷದ ಮ್ಯಾಲ ನನ್ನ ಹೆಸರ ಕಲತಾರ,
ಅವಸರ ಯಾಕ, ತಡೀರಿ, ಹೇಳತೇನಿ ಅವರ ಹೆಸರ..."

ಇಲ್ಲಿ ಅವಳು ಉಸಿರು ತಗೊಂಡಳು. ಕೊನೆಯ ಮರಳು ಉದುರಿತು. ಆಮೇಲೆ ಸ್ಪಷ್ಟವಾಗಿ, ಮುದ್ದಾಗಿ ನನ್ನ ಹೆಸರು ಹೇಳಿದಳು. ಬಳಗವೆಲ್ಲ ಚಪ್ಪಾಳೆ ತಟ್ಟಿತು. ಮಾವನವರು ನಕ್ಕು ನಕ್ಕು ಕೆಮ್ಮತೊಡಗಿದರು. ನಾನು ಎಲ್ಲಿ ನೋಡಲಿ ಎಂದು ತಿಳಿಯದೆ ಕರಿ ದಾಳವನ್ನೇ ನೋಡುತ್ತ ಕೂತೆ.

ಆಗ ಹೆಂಡತಿ ಕೈ ಚಾಚಿ, ಹೊರಗಿದ್ದ ತನ್ನ ಗೊಂಬೆಯನ್ನು ಎತ್ತಿ, ಬಾಗಿಲೊಳಗಿಂದ ತಿರುಗಿ ತಂದು ನನ್ನ ಗೊಂಬೆಯ ಪಕ್ಕದಲ್ಲಿ ಇಟ್ಟಳು.

"ಅವ್ವಾ, ಹೊರಗ ಹೋದಾಕಿ ಒಳಗ ಬರೂಹಂಗಿಲ್ಲ," ಎಂದಳು ಮಗಳು. "ಅದ ನಿಯಮ ಐತಿ."

"ಇರಲಿ ಸುಮ್ನಿರ," ಎಂದಳು ಹೆಂಡತಿ. "ಇವರನ್ನ ಸಂಭಾಳ್ಸೂದು ಅಂದ್ರ ಏನಂತ ನನಗ ಗೊತ್ತೈತಿ. ಆ ದೆವ್ವ ಪಾಪ, ಒಂದ ಏನ ಮಾಡೀತ?"