ಕುರ್ಚಿ ಬಿಟ್ಟವನು

ಹೆಂಡತಿ: ಬಿಟ್ಟು ಬಂದೆ ಅಂದ್ರೆ? ಏನು ಬಿಟ್ಟು ಬಂದ್ರಿ, ಕೊಡೆನಾ, ಟಿಫನ್ ಡಬ್ಬಿನಾ?

ಗಂಡ: ಕೆಲಸ.

ಹೆಂಡತಿ: ಇವತ್ತಿನ ಕೆಲಸನಾ? ನಾಳೆ ಹೋಗಿ ಮಾಡಿದ್ರಾಯ್ತು ಬಿಡಿ.

ಗಂಡ: ನಾಳೇದೂ ಬಿಟ್ಟೆ. ನಾಡಿದ್ದಿಂದೂ ಬಿಟ್ಟೆ. ರಾಜೀನಾಮೆ ಕೊಟ್ಟು ಆಗಲೇ ಬಹಳ ದಿನ ಆಯ್ತು. ಇವತ್ತು ಕೊನೇ ದಿನ.

ಶಾಲೆಯಿಂದ ಈಗಷ್ಟೇ ಬಂದಿದ್ದ ಗಣಿತದ ಟೀಚರ್ ಆದ ಹೆಂಡತಿ ಹೆಗಲಿನ ಚೀಲವನ್ನೂ ಇಳಿಸದೆ ನಿಂತೇ ಇದ್ದಳು. ಕಿಟಕಿಯ ಪಕ್ಕ ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತಿದರು. ಅವರಿಗೆ ಕಿವಿ ಸ್ವಲ್ಪ ಮಂದ.

ಅತ್ತೆ: ರಾಜಿ ಆಯ್ತಾ? ಒಳ್ಳೇದಾಯ್ತು. ಗಂಡ ಹೆಂಡತಿ ಹಾಗಿರಬೇಕು.

ಹೆಂಡತಿ: ರಾಜಿ ಅಲ್ಲ ಅತ್ತೆ, ರಾಜೀನಾಮೆ! ನಿಮ್ಮ ಮಗ ಕಂಪನಿ ಬಿಟ್ಟಿದ್ದಾರೆ!

ಅತ್ತೆ: ಯಾಕೋ?

ಗಂಡ: ಸಾಕಾಯ್ತಮ್ಮ. ಒಂದು ಗುಂಡಿಗೋಸ್ಕರ ವಾರಗಟ್ಟಲೆ ಮೀಟಿಂಗ್. ಎಡಕ್ಕೆ ಹಾಕಿದೆ, ಬಲಕ್ಕೆ ಹಾಕು ಅಂದ್ರು. ಬಲಕ್ಕೆ ಹಾಕಿದೆ, ಗುಂಡೀನೇ ಬೇಡ ಅಂದ್ರು.

ಅತ್ತೆ: ಅಷ್ಟೇನಾ? ಅಂಗಿ ಮನೆಗೆ ತಂದಿದ್ರೆ ನಾನೇ ಹೊಲಿದು ಕೊಡ್ತಿದ್ನಲ್ಲೋ!

ಗಂಡ: ಅಂಗಿ ಗುಂಡಿ ಅಲ್ಲಮ್ಮ, ಕಂಪ್ಯೂಟರ್ ಪರದೆ ಮೇಲೆ ಒತ್ತೋದು.

ಹೆಂಡತಿ: ಗುಂಡಿ ಹಾಗಿರ್ಲಿ. ಮುಂದೇನು?

ಗಂಡ: ಸ್ವಂತ ವ್ಯಾಪಾರ. ಕುರ್ಚಿ ರಿಪೇರಿ.

ಹೆಂಡತಿ: ಏನು?

ಗಂಡ: ಕುರ್ಚಿ. ಆಫೀಸಲ್ಲಿ ಇರುತ್ತಲ್ಲ, ತಿರುಗೋದು.

ಹೆಂಡತಿ: ಲೋಕದಲ್ಲಿ ಜನ ಕುರ್ಚಿಗೋಸ್ಕರ ಹೊಡೆದಾಡ್ತಾರೆ. ನೀವು ಕೂತಿದ್ದ ಕುರ್ಚಿ ಬಿಟ್ಟು ಬೇರೆಯವರ ಕುರ್ಚಿ ಕೆಳಗೆ ಮಲಗೋಕೆ ಹೊರಟಿದ್ದೀರಲ್ರೀ!

ಗಂಡ: ನಗಬೇಡ, ಕೇಳು. ಒಂದು ದಿನ ಪಕ್ಕದವಳ ಕುರ್ಚಿ ಕಿರ್‌ರ್ ಅಂತಿತ್ತು. ಬಗ್ಗಿ ಒಂದು ತಿರುಪು ಬಿಗಿ ಮಾಡ್ದೆ. ಸದ್ದು ನಿಂತೇ ಹೋಯ್ತು! ಆ ಕಂಪನಿ ಸೇರಿದಾಗಿನಿಂದ ನಾನು ಮಾಡಿದ ಕೆಲಸ ನನ್ನ ಕಣ್ಣಿಗೆ ಕಂಡಿದ್ದು ಅವತ್ತೇ. ಆಮೇಲೆ ಇಡೀ ಮಹಡಿಯವರು ನನ್ನನ್ನೇ ಕರೆಯೋಕೆ ಶುರು ಮಾಡಿದ್ರು.

ಹೆಂಡತಿ: ಪಕ್ಕದವಳು ಅಂದ್ರೆ ಯಾರು?

ಗಂಡ: ಇಷ್ಟು ಹೇಳಿದ್ರಲ್ಲಿ ನಿನಗೆ ಕೇಳಿಸಿದ್ದು ಅದೊಂದೇನಾ?

ಹೆಂಡತಿ ಚೀಲವನ್ನು ಮೇಜಿನ ಮೇಲೆ ದೊಪ್ಪನೆ ಇಟ್ಟಳು. ದನಿ ಮಾತ್ರ ತಗ್ಗಿತು.

ಹೆಂಡತಿ: ನನ್ನನ್ನ ಒಂದು ಮಾತು ಕೇಳಬೇಕಿತ್ತು.

ಗಂಡ: ಕೇಳಿದ್ರೆ ಬೇಡ ಅಂತಿದ್ದೆ.

ಹೆಂಡತಿ: ಅಂತಿದ್ದೆ. ನೀವು ಮುಖ ಸಣ್ಣ ಮಾಡ್ಕೊಂಡು ಓಡಾಡ್ತಿದ್ರಿ. ನೋಡೋಕಾಗದೆ ಕೊನೆಗೆ ಹೂಂ ಅಂತಿದ್ದೆ. ಆ ಹೂಂ ಅನ್ನೋ ಅವಕಾಶಾನೂ ಕಿತ್ಕೊಂಡ್ರಲ್ಲ!

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಂಪನಿಯ ಮ್ಯಾನೇಜರ್. ಗಂಡ ಎದೆಯುಬ್ಬಿಸಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

ಗಂಡ: ನೋಡಿ ಸರ್, ನೀವು ಎಷ್ಟು ಬೇಡಿಕೊಂಡ್ರೂ ನಾನು ವಾಪಸ್ ಬರಲ್ಲ.

ಮ್ಯಾನೇಜರ್: ಯಾರ್ರೀ ಬೇಡಿಕೊಂಡ್ರು? ನಿಮ್ಮ ಜಾಗಕ್ಕೆ ಹೊಸಬರು ಬಂದು ಕೂತಾಯ್ತು. ಆದ್ರೆ ಅವರಿಗೆ ಕುರ್ಚಿ ವಿಷಯ ಗೊತ್ತಿಲ್ಲ. ನನ್ನ ಕುರ್ಚಿ ತಾನಾಗೇ ಇಳೀತಾ ಇದೆ ಮಾರಾಯ್ರೇ! ವಿಡಿಯೋದಲ್ಲಿ ದೊಡ್ಡವರ ಜೊತೆ ಮಾತಾಡ್ತಾ ಮಾತಾಡ್ತಾ ಇಳಿದೇಹೋದೆ. ಕೊನೆಗೆ ಅವರಿಗೆ ಕಾಣ್ತಿದ್ದಿದ್ದು ನನ್ನ ಹಣೆ ಒಂದೇ.

ಗಂಡ: ಅಯ್ಯೋ ಸರ್! ಈಗಲೇ ಓಡಿ ಬಂದೆ. ದುಡ್ಡು ಗಿಡ್ಡು ಏನೂ—

ಹೆಂಡತಿ ಫೋನ್ ಕಸಿದುಕೊಂಡಳು.

ಹೆಂಡತಿ: ನಮಸ್ಕಾರ ಸರ್. ಇವರು ಒಂದೊಂದು ಕುರ್ಚಿಗೆಲ್ಲ ಬರಲ್ಲ. ಇಡೀ ಮಹಡಿ ಕುರ್ಚಿ ಒಟ್ಟಿಗೆ ಕೊಡೋದಾದ್ರೆ ನಾಳೆ ಬೆಳಿಗ್ಗೆ ಕಳಿಸ್ತೀನಿ.

ಮ್ಯಾನೇಜರ್: ಎಲ್ಲಾನೂ ಯಾಕಮ್ಮ? ಇಳಿದಿರೋದು ನಂದೊಂದೇ.

ಹೆಂಡತಿ: ಮ್ಯಾನೇಜರ್ ಕುರ್ಚಿನೇ ಇಳೀತಿದೆ ಅಂದ್ರೆ, ಕೈಕೆಳಗಿನವರದ್ದು ನೆಲ ಮುಟ್ಟಿರಬೇಕಲ್ವಾ ಸರ್? ಅವರು ಹೆದರಿ ನಿಮಗೆ ಹೇಳಿಲ್ಲ ಅಷ್ಟೆ.

ಆ ಕಡೆಯಿಂದ ಸಣ್ಣದೊಂದು 'ಪುಸ್' ಕೇಳಿಸಿತು. ಕುರ್ಚಿ ಇನ್ನಷ್ಟು ಇಳಿದಿರಬೇಕು.

ಮ್ಯಾನೇಜರ್: ಆಯ್ತು ತಾಯಿ. ಕಳಿಸಿಕೊಡಿ.

ಗಂಡ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡುತ್ತಿದ್ದ.

ಗಂಡ: ನಾಳೆ ಬೆಳಿಗ್ಗೇನಾ? ನಾಲ್ಕು ದಿನ ಆರಾಮಾಗಿ ಮಲಗೋಣ ಅಂತಿದ್ನಲ್ಲೇ…

ಹೆಂಡತಿ: ಮಲಗಿ, ಬೇಡ ಅಂದೋರ್ಯಾರು? ಏಳೋ ಹೊತ್ತಿಗೆ ನಾನೇ ಎಬ್ಬಿಸ್ತೀನಿ. ಸ್ಕ್ರೂಡ್ರೈವರ್ ಎಲ್ಲಿದೆ ಅಂತ ಈಗಲೇ ಹುಡುಕಿಟ್ಕೊಳ್ಳಿ. ಬೆಳಿಗ್ಗೆ ಎದ್ದು ನನ್ನ ಕೇಳಬೇಡಿ.

ಅತ್ತೆಗೆ ಅರ್ಧ ಕೇಳಿಸಿತ್ತು, ಅರ್ಧ ಇಲ್ಲ. ಆದರೂ ಮುಖ ಅರಳಿತು.

ಅತ್ತೆ: ಏನೋ, ಇಷ್ಟು ಬೇಗ ಬೇರೆ ಕೆಲಸ ಸಿಕ್ತಾ?

ಗಂಡ: ಸಿಕ್ತಮ್ಮ.

ಅತ್ತೆ: ಮಾಲೀಕರು ಹೇಗಪ್ಪಾ? ಒಳ್ಳೆಯವರಾ?

ಗಂಡ: ಬಾಯಿ ಸ್ವಲ್ಪ ಜೋರು. ಆದ್ರೆ ಊಟ ಹಾಕ್ತಾರೆ.