ರಾಯರ ಉಪಚಾರದ ಮಾತು

ಎಲ್ಲಕ್ಕೂ ಕಾರಣ ಒಂದು ಒಣಮೆಣಸಿನಕಾಯಿ. ಮದರಾಸಿನ ನುಂಗಂಬಾಕ್ಕಂನ ರಘುರಾಮ ರಾಯರ ಹೋಟೆಲಿನ ಸಾಂಬಾರಿನಲ್ಲಿ ಅದು ಬಾಲ ಎತ್ತಿಕೊಂಡು ತೇಲುತ್ತಿತ್ತು. ಕನ್ನಡಕ ಮರೆತು ಬಂದಿದ್ದ ಗಿರಾಕಿಯೊಬ್ಬ ಹಲ್ಲಿ ಹಲ್ಲಿ ಎಂದು ಕೂಗಿ ಎದ್ದುಹೋದ. ಅಲ್ಲಿಂದ ಒಂದು ವರ್ಷ ಆ ಹೋಟೆಲಿನ ನೊಣಗಳೂ ಬೇಜಾರಾಗಿ ಎದುರಿನ ಹೋಟೆಲಿಗೆ ಹೋಗಿಬರುತ್ತಿದ್ದವು.

ಐವತ್ತೆಂಟನೇ ಇಸವಿಯ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ರಾಯರು ಐತಪ್ಪನನ್ನು ಕರೆದರು. ಅಡಿಗೆಗೂ ಬಡಿಸುವುದಕ್ಕೂ ಉಳಿದಿದ್ದವನು ಅವನೊಬ್ಬನೇ. ಇವತ್ತು ಸಂಜೆಯೊಳಗೆ ಜನ ಬಾರದಿದ್ದರೆ ನಾಳೆ ಬೀಗ ಜಡಿದು ಮಂಗಳೂರಿನ ರೈಲು ಹತ್ತುವುದೇ ಎಂದರು. ಪಕ್ಕದ ಜವಳಿ ಅಂಗಡಿಯ ಮಹಾಲಿಂಗಪ್ಪನವರು ಅದನ್ನು ಕೇಳಿಸಿಕೊಂಡು, ಬೀಗ ಎಂಥದ್ದು ಕೊಳ್ಳಬೇಕೆಂದು ಸಲಹೆ ಕೊಟ್ಟು ಹೋದರು.

ನಡುಮಧ್ಯಾಹ್ನ, ಬೀದಿಯಲ್ಲಿ ಕಾಗೆಯೂ ಕೂಗದ ಹೊತ್ತಿನಲ್ಲಿ, ಹದಿಮೂರು ಜನ ಒಳಗೆ ಬಂದರು. ಮದರಾಸಿನಲ್ಲಿ ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಇವರ ಪಂಚೆಗಳು ಮಾತ್ರ ಒದ್ದೆ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬರೂ ತುಟಿ ಬಿಚ್ಚದೆ ಸಾಲಾಗಿ ಕೂತು, ಎದುರಿನ ಗೋಡೆಯ ಒಂದೇ ಜಾಗವನ್ನು ನೋಡತೊಡಗಿದರು. ರಾಯರ ಬೆನ್ನಿನ ಮೇಲೆ ಯಾರೋ ಐಸುಗಡ್ಡೆ ಉರುಳಿಸಿದ ಹಾಗಾಯಿತು.

"ರಾಯ್ರೇ, ಒಂದ್ಸಲ ಕಾಲು ನೋಡಿ ಬರ್ಲಾ?" ಐತಪ್ಪ ಪಿಸುಗುಟ್ಟಿದ.

"ಎಂತಕ್ಕೆ ಮಾರಾಯ?"

"ಹಿಂದುಮುಂದು ಉಂಟೋ ಅಂತ."

ಐತಪ್ಪ ಸಾರಿನ ಸೌಟನ್ನು ಬೇಕೆಂದೇ ಬೀಳಿಸಿ, ಮೇಜಿನ ಕೆಳಗೆ ತೂರಿ, ಇಪ್ಪತ್ತಾರು ಪಾದ ಪರೀಕ್ಷಿಸಿ ಹೊರಬಂದ. ಎಲ್ಲವೂ ಮುಂದಕ್ಕೇ ಇದ್ದವು.

ರಾಯರಿಗೆ ಜೀವ ಬಂತು. ಆ ಜನ ಮೂರು ಸಲ ಅನ್ನ ಹಾಕಿಸಿಕೊಂಡರು. ಎಲೆಯ ಮೇಲೆ ಮಜ್ಜಿಗೆ ಸೊರ್ ಎನ್ನುವ ಸದ್ದು ಕೇಳುತ್ತ ರಾಯರು ಗೋಡೆಗೆ ಸುಣ್ಣ ಬಳಿಸಿದರು, ಹೊಸ ಬೆಂಚು ತರಿಸಿದರು, ಮನಸ್ಸಿನಲ್ಲೇ. ಉಂಡವರು ಎದ್ದಾಗ ಬಾಗಿಲಿಗೆ ಓಡಿ, ಒಬ್ಬೊಬ್ಬರಿಗೂ ಕೈಮುಗಿದು, ತಮಿಳಿನಲ್ಲಿ ಒಮ್ಮೆ ಕನ್ನಡದಲ್ಲಿ ಒಮ್ಮೆ, ಹೋಗಿ ಬನ್ನಿ, ಬೇಗ ಬನ್ನಿ, ಎಲ್ಲರೂ ತಪ್ಪದೆ ಬನ್ನಿ ಎಂದರು.

ಹದಿಮೂರು ಜನವೂ ನಿಂತಲ್ಲೇ ನಿಂತರು. ಎಲ್ಲರಿಗಿಂತ ಹಿರಿಯರಾದ ಒಬ್ಬರು ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಎಲ್ಲರೂ ಹೊರಟುಹೋದರು.

"ಏನ್ರೀ ರಾಯರೇ," ಎಂದರು ಮಹಾಲಿಂಗಪ್ಪ ತಮ್ಮ ಮೆಟ್ಟಿಲ ಮೇಲಿಂದಲೇ. "ಅವ್ರು ಸುಡುಗಾಡಿಂದ ಮಿಂದು ಬಂದೋರು. ಮನೇಲಿ ಒಲೆ ಹಚ್ಚೋ ಹಾಗಿಲ್ಲ ಅಂತ ಇಲ್ಲಿ ಉಂಡ್ರು. ಅಂಥೋರಿಗೆ ಯಾರಾದ್ರೂ ಬೇಗ ಬನ್ನಿ ಅಂತಾರೇನ್ರೀ?"

ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಅವರ ಕುಂದಾಪುರದಲ್ಲೂ ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಅನ್ನುವವರಿಲ್ಲ, ಬನ್ನಿ ಅನ್ನುವವರೂ ಇಲ್ಲ. ಆದರೆ ಹದಿನೈದು ವರ್ಷ ಗಲ್ಲಾದ ಹಿಂದೆ ಕೂತ ನಾಲಿಗೆಗೆ ಅದು ನೆನಪಿರಬೇಕಲ್ಲ.

ನಾಲ್ಕು ಗಂಟೆಗೆ ಸುದ್ದಿ ಬಂತು. ಆ ಹಿರಿಯರು ಊಟ ಚೆನ್ನಾಗಿತ್ತು ಎಂದು ಹೇಳಿ ಆರಾಮಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಮಹಾಲಿಂಗಪ್ಪನವರು ಅಂಗಡಿ ಮುಚ್ಚಿ, ಬೀದಿ ಬೀದಿಗೂ ತಾವೇ ಹೋಗಿ ರಾಯರು ಆಡಿದ ಮಾತನ್ನೂ ಅದು ಫಲಿಸಿದ್ದನ್ನೂ ಹೇಳಿಬಂದರು. ಇನ್ನು ಈ ಹೊಸ್ತಿಲು ತುಳಿಯುವವರು ಯಾರು ಎಂದು ರಾಯರು ಟ್ರಂಕಿಗೆ ಬಟ್ಟೆ ತುಂಬತೊಡಗಿದರು.

ಆರು ಗಂಟೆಗೆ ಐತಪ್ಪ ಓಡಿಬಂದ. ಹೋಟೆಲಿನ ಬಾಗಿಲಿಂದ ಅಂಚೆಪೆಟ್ಟಿಗೆಯವರೆಗೆ ಜನ ಸಾಲು ನಿಂತಿದ್ದರು, ಹಿಂದೆ ರಿಕ್ಷಾಗಳು ಬೇರೆ. ರಾಯರ ಕಣ್ಣು ತುಂಬಿತು. ಟ್ರಂಕನ್ನು ಕಾಲಿನಿಂದ ತಳ್ಳಿ, ಒಲೆ ಹಚ್ಚಲು ಹೇಳಿ, ಬಾಗಿಲಿನ ಎರಡೂ ಕದ ತೆರೆದರು. ಸಾಲಿನ ಮೊದಲಿಗೆ ಮಹಾಲಿಂಗಪ್ಪನವರೇ ನಿಂತಿದ್ದರು, ಅತ್ತೆ ಬಸವಣ್ಣೆಮ್ಮನ ತೋಳು ಹಿಡಿದುಕೊಂಡು. ರಾಯರು ತಮ್ಮ ಶಲ್ಯದಿಂದಲೇ ಕುರ್ಚಿ ಒರೆಸಿ, ಊಟವೋ ತಿಂಡಿಯೋ ಎಂದು ವಿಚಾರಿಸಿದರು.

"ಏನೂ ಬ್ಯಾಡಪ್ಪ," ಎಂದಳು ಮುದುಕಿ. "ನಂಗೆ ತೊಂಬತ್ತೆರಡಾತು. ಇವ್ನು ಕೇಳಾಕೆ ನಾಚ್ಕೋತಾನೆ. ಆ ಮಾತು ನಂಗೂ ಒಂದ್ಸಲ ಅಂದ್‌ಬಿಡು."

ರಾಯರು ಹಿಂದಕ್ಕೆ ಕಣ್ಣು ಹಾಯಿಸಿದರು. ಪ್ರತಿ ರಿಕ್ಷಾದಲ್ಲೂ ತಲೆ ಬಾಚಿ ಹಣೆಗೆ ಹೊಸದಾಗಿ ವಿಭೂತಿ ಹಚ್ಚಿದ ಒಂದೊಂದು ಮುದಿಜೀವ. ಪಕ್ಕದಲ್ಲಿ ಆಕಾಶ ನೋಡುತ್ತ ನಿಂತ ಒಬ್ಬೊಬ್ಬ ಅಳಿಯ, ಒಬ್ಬೊಬ್ಬ ಸೊಸೆ. ಹಸಿದವರು ಒಬ್ಬರೂ ಇರಲಿಲ್ಲ.

"ರಾಯ್ರೇ, ಅಕ್ಕಿ ಎಷ್ಟು ಸೇರು ಹಾಕ್ಲಿ?" ಒಳಗಿನಿಂದ ಐತಪ್ಪ ಕೇಳಿದ.

ಉತ್ತರ ಕೊಡಲು ರಾಯರು ಬಾಯಿ ತೆರೆದರು. ಇಡೀ ಸಾಲು ಕಿವಿಗೆ ಕೈ ಆನಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂತು.