ಎರಡನೆಯ ಸೀಟು

ದಪ್ಪಗಿರುವವರಿಗೂ ಆಸೆಗಳಿರುತ್ತವೆ ಎಂದು ಲೋಕ ಒಪ್ಪಿಕೊಳ್ಳುವುದು ಊಟದ ವಿಷಯದಲ್ಲಿ ಮಾತ್ರ. ನನಗೆ ಹಾರುವ ಆಸೆಯಿತ್ತು. ಬಸ್ಸಿನಲ್ಲಿ ನಾನು ಕೂತರೆ ಪಕ್ಕದವರು ನಿಲ್ಲುವುದೇ ವಾಸಿಯೆಂದು ಎದ್ದುಬಿಡುತ್ತಿದ್ದರು, ನಿಜ. ಆದರೂ ಗರುಡ ಮೇಲೆ ಸುತ್ತುವುದು ಕಂಡರೆ, ತಲ್ಲೂರಿನಲ್ಲಿ ಮೇಷ್ಟರಾಗಿದ್ದ ನಾನು ಪಾಠ ಅರ್ಧಕ್ಕೇ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ.

ಇಂಥವನ ಮನೆಗೆ, ಅರವತ್ತರ ದಶಕದ ಕೊನೆಗೆ, ನನ್ನ ಹೆಂಡತಿ ರತಿಯ ತಮ್ಮ ಸಂಜೀವ ಬೊಂಬಾಯಿಯಿಂದ ಲಾರಿಯಲ್ಲಿ ಒಂದು ವಿಮಾನ ತಂದ. ತಂದದ್ದು ಪೆಟ್ಟಿಗೆಗಳಲ್ಲಿ, ಬಿಡಿಬಿಡಿಯಾಗಿ. ಅವನು ಅಲ್ಲಿ ವಿಮಾನಗಳ ಮೆಕ್ಯಾನಿಕ್, ಹಾರಿಸುವುದನ್ನೂ ಕಲಿತಿದ್ದ. ಯಾರೋ ಶ್ರೀಮಂತರು ವಿದೇಶದಿಂದ ತರಿಸಿ, ಬೇಸರ ಬಂದು ಬಿಟ್ಟ ಸಾಮಾನು ಅಗ್ಗಕ್ಕೆ ಸಿಕ್ಕಿತ್ತಂತೆ. ನಕ್ಷೆ ನೋಡಿ ನಾವೇ ಜೋಡಿಸಬೇಕು. "ಎರಡ್ ಸೀಟ್ ಇತ್ತ್. ಒಂದ್ ನಂದ್, ಇನ್ನೊಂದ್ ನಿಮ್ದ್, ಭಾವ" ಎಂದ. ಆ ಒಂದು ಮಾತಿಗೆ ನಾನು ಮನೆಯ ಚಾವಡಿಯನ್ನೇ ಬಿಟ್ಟುಕೊಟ್ಟೆ.

ಆಮೇಲೆ ನಮ್ಮ ಊಟ, ನಿದ್ದೆ ಎಲ್ಲ ರೆಕ್ಕೆಯ ಅಡಿಯಲ್ಲೇ. ಹಂಗಾರಕಟ್ಟೆಯ ದೋಣಿ ಬಡಗಿಯೊಬ್ಬರು ಬಂದು ಮರದ ಪಟ್ಟಿಗಳನ್ನು ಕೂರಿಸಿ ಹೋದರು. ಅದರ ಮೇಲೆ ಬಟ್ಟೆ ಹೊದಿಸಿ, ಗಂಟು ಹಾಕುತ್ತಾ ಹೊಲಿಯಬೇಕು. ನಾನು ಹಾಕಿದ ಗಂಟುಗಳನ್ನು ಸಂಜೀವ ಒಂದೊಂದಾಗಿ ಬಿಚ್ಚಿದ. ಕೊನೆಗೆ ದಿನಾ ಮಲ್ಲಿಗೆ ಕಟ್ಟುವ ರತಿಯೂ ಆಚೀಚೆ ಮನೆಯ ಹೆಂಗಸರೂ ರೆಕ್ಕೆಯ ಎರಡು ಬದಿಗೆ ಕೂತರು. ಬಾಯಲ್ಲಿ ಊರ ಸುದ್ದಿ, ಕೈಯಲ್ಲಿ ಸೂಜಿ. ಗಂಟು ಮಾತ್ರ ಎಲ್ಲೂ ತಪ್ಪಲಿಲ್ಲ. ಅವರಿಗೆ ಬೆಲ್ಲ, ನೀರು ತಂದುಕೊಡುವುದು ನನ್ನ ಪಾಲಿನ ವಿಮಾನ ನಿರ್ಮಾಣ.

ಕೆಲಸ ಮುಗಿಯುತ್ತಾ ಬಂದಾಗ ಸಂಜೀವ ನನ್ನನ್ನು ಅಕ್ಕಿ ಮಿಲ್ಲಿಗೆ ಕರೆದೊಯ್ದು, ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. "ಭಾವ, ಒಂಚೂರ್ ಸಪೂರ ಆಯ್ಕ್. ಇಲ್ದಿರೆ ಇದ್ ಏಳ್ತಿಲ್ಲೆ." ಅಂದಿನಿಂದ ರತಿ ನನಗೆ ಗಂಜಿ ಬಿಟ್ಟು ಬೇರೇನೂ ಬಡಿಸಲಿಲ್ಲ. ಅವರಿಬ್ಬರ ತಟ್ಟೆಯ ಬಂಗುಡೆ ಮೀನಿನ ಸಾರಿನ ವಾಸನೆ ಹಿಡಿದುಕೊಂಡೇ ನಾನು ಗಂಜಿ ಕುಡಿದೆ. ಅಂಗಿಯ ಗುಂಡಿಗಳನ್ನು ಸರಾಗವಾಗಿ ಹಾಕಲು ಬರತೊಡಗಿತು.

ವಿಮಾನ ಹಾರಿಸಲು ಸರಕಾರದ ಅಪ್ಪಣೆಯೂ ಬಂತು. ನೀರಿಳಿತದ ಹೊತ್ತಿನಲ್ಲಿ ಕಡಲ ಕರೆಯ ಗಟ್ಟಿ ಮರಳಿನ ಮೇಲೆ ವಿಮಾನ ನಿಲ್ಲಿಸಿ, ನನ್ನನ್ನು ಎರಡನೆಯ ಸೀಟಿಗೆ ತುರುಕಿದರು. ಎಂಜಿನ್ ಗುಡುಗಿತು, ಓಡಿದೆವು. ದಾರಿಯಲ್ಲಿದ್ದ ಕಡಲಕ್ಕಿಗಳೆಲ್ಲ ಹಾರಿದವು, ನಾವು ಹಾರಲಿಲ್ಲ. ತಿರುಗಿಸಿ ಇನ್ನೊಮ್ಮೆ ಓಡಿದರೂ ಅಷ್ಟೇ.

ಸಂಜೀವ ಮುಖ ತಗ್ಗಿಸಿ, "ಭಾವ, ಒಂಚೂರ್ ಇಳಿತ್ರಿಯಾ?" ಎಂದ. ಇಳಿದೆ. ಕಣ್ಣು ತುಂಬಿತ್ತು, ಮರಳು ಬಿತ್ತೆಂದು ಒರೆಸಿಕೊಂಡೆ. "ಅಕ್ಕ, ನೀ ಬಾ" ಎಂದು ಅವನು ಕರೆದದ್ದೇ ತಡ, ರತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು. ಇಷ್ಟು ದಿನ ಇವಳು ಬಡಿಸಿದ ಗಂಜಿ ಕುಡಿದದ್ದೆಲ್ಲ ದಂಡವಾಯಿತೆಂದು ನನಗೆ ಉರಿಯಿತು. ಆದರೆ ಚಕ್ರ ಮರಳು ಬಿಟ್ಟ ಗಳಿಗೆಯಲ್ಲಿ ಆ ಉರಿ ಎತ್ತ ಹೋಯಿತೋ. ನಾನು ಕೈಬೀಸುತ್ತಾ ಅದರ ಹಿಂದೆ ಓಡಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಇಳಿದು ಬಂದವಳನ್ನು ಏದುಸಿರು ಬಿಡುತ್ತಲೇ ಕೇಳಿದೆ, "ಎಂತ ಕಂಡೆ?"

"ಕಡಲ್ ಕಂಡೆ, ಹೊಳಿ ಕಂಡೆ. ನೀವ್ ಓಡುದೂ ಕಂಡೆ. ಮೇಲಿಂದ ಕಂಡ್ರೆ ನೀವೂ ಸಪೂರವೇ, ಮಾರಾಯ್ರೆ."

ಗಂಜಿ ಅಂದೇ ಬಿಟ್ಟೆ. ಇವತ್ತಿಗೂ ಯಾರಾದರೂ ನನ್ನ ಗಾತ್ರದ ಮಾತೆತ್ತಿದರೆ, ಸ್ವಲ್ಪ ಎತ್ತರಕ್ಕೆ ಹೋಗಿ ನೋಡಿ ಬನ್ನಿ ಎನ್ನುತ್ತೇನೆ.